ಅತ್ತಿಗೆಗೆ ಹೇಳಬೇಡಿ

ಅಣ್ಣನ ಮಗಳು ಚಂದನಾ ಯಾರಿಗೂ ಹೇಳದೆ ರಿಜಿಸ್ಟರ್ ಮದುವೆ ಮಾಡಿಕೊಂಡಳೆಂದು ಫೋನ್ ಬಂದಾಗ ಪಾಲಾಕ್ಷಪ್ಪನವರು ಆಡಿದ ಮೊದಲ ಮಾತು, "ಇದು ಅತ್ತಿಗೆ ಕಿವಿಗೆ ಬೀಳಬಾರದು."

ಹುಡುಗಿಯ ತಾಯಿ ಕೊಟ್ರಮ್ಮ ಹಲ್ಲಿ ಕಂಡರೆ ಕಿರುಚುವ, ಹಾಲು ಉಕ್ಕಿದರೂ ಕಣ್ಣೀರು ಹಾಕುವ ಹೆಂಗಸು. ಪಾಲಾಕ್ಷಪ್ಪನವರದು ಗಟ್ಟಿ ಗುಂಡಿಗೆ. ಹಾಗೆಂದು ಊರಿಗೆಲ್ಲ ಹೇಳಿಕೊಂಡು ಬಂದವರೂ ಅವರೇ.

ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತರು. ಕಿರಿಯ ತಮ್ಮ, "ಆ ಹುಡುಗನ ಕಾಲು ಮುರೀತೀನಿ" ಎಂದು ಟೀಪಾಯಿ ಒದ್ದು, ತನ್ನ ಕಾಲನ್ನೇ ಹಿಡಿದುಕೊಂಡು ಕುಂಟಿದ.

"ಇವತ್ತಲ್ಲ ನಾಳೆ ಗೊತ್ತಾಗೇ ಆಗುತ್ತೆ. ಎದೆ ಒಡ್ಕಂಡು ಸಾಯ್ತಾಳೆ ಅವಳು," ಎಂದರು ಅಣ್ಣ. "ನೀನೇ ನಿಧಾನಕ್ಕೆ ಹೇಳಪ್ಪ. ನನ್ ಕೈಲಾಗಲ್ಲ."

ಪಾಲಾಕ್ಷಪ್ಪನವರು ಒಂದು ಬಿಪಿ ಮಾತ್ರೆ ನುಂಗಿ, ಇನ್ನೊಂದನ್ನು ಅತ್ತಿಗೆಗೆಂದು ಜೇಬಿಗಿಳಿಸಿ ಅಡುಗೆಮನೆಗೆ ಹೋದರು. ಕೊಟ್ರಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು.

"ಅತ್ತಿಗೆ, ಮನಸ್ಸು ಗಟ್ಟಿ ಮಾಡ್ಕಳ್ಳಿ. ನಾನಿದೀನಿ."

ಅಷ್ಟು ಹೇಳಿ ಅವರು ಎರಡೂ ಕೈಯಲ್ಲಿ ಬಾಗಿಲು ಹಿಡಿದು ನಿಂತರು.

"ನಮ್ ಚಂದನಾ... ರಿಜಿಸ್ಟರ್ ಮದುವೆ..."

ಜೇಬಿನಲ್ಲಿದ್ದ ಮಾತ್ರೆಯನ್ನೂ ತಾವೇ ಬಾಯಿಗೆ ಹಾಕಿಕೊಂಡರು.

ಕೊಟ್ರಮ್ಮ ಒಲೆ ಆರಿಸಿದರು. ಸ್ಟೂಲು ಎಳೆದು ಮೈದುನನನ್ನು ಕೂರಿಸಿ, ಕೈಗೆ ನೀರಿನ ಲೋಟ ಕೊಟ್ಟರು.

"ನಿಧಾನಕ್ಕೆ ಕುಡೀರಿ. ನೀವ್ಯಾರೂ ತಡ್ಕಳ್ಳಲ್ಲ ಅಂತಾನೇ ಸಾಕ್ಷಿ ಸಹಿ ಹಾಕೋಕೆ ಮನೆ ಕಡೆಯಿಂದ ನಾನೊಬ್ಬಳೇ ಹೋಗಿ ಬಂದೆ."