ಶೆಡ್ಡಿಗೆ ಬೂಟು

"ಬೂಟು ಹೊರಗೆ ಬಿಚ್ಚು," ಎಂದ ಕುಕ್ಕಪ್ಪ.

ಯಶಸ್ವಿ ಅಪ್ಪನ ವೆಲ್ಡಿಂಗ್ ಶೆಡ್ಡಿನ ಹೊಸಿಲಲ್ಲೇ ನಿಂತಳು. ಇನ್ನೇನು ಡೆನ್ಮಾರ್ಕಿನಿಂದ ವಿಡಿಯೊ ಕರೆ ಬರಲಿತ್ತು. ಅಲ್ಲಿನ ಹಡಗು ಕಟ್ಟುವ ಕಂಪೆನಿಯವರು ಅವಳ ಬೆಸುಗೆಯನ್ನು ನೋಡಿಯೇ ಕೆಲಸ ಕೊಡುವವರು. ಬೂಟು ಕಡ್ಡಾಯ. ಆದರೆ ಪಂಜ ಎಂಬ ಊರಿನ ಈ ಶೆಡ್ಡಿನೊಳಗೆ ಇಂದಿನವರೆಗೆ ಯಾರೂ ಚಪ್ಪಲಿ ಮೆಟ್ಟಿ ಬಂದದ್ದಿಲ್ಲ. ಗೇಟು ಮಾಡಿಸಲು ಬಂದ ಪಂಚಾಯತ್ ಅಧ್ಯಕ್ಷರೂ ಹೊರಗೆ ಕಳಚಿಟ್ಟೇ ಬಂದಿದ್ದರು. ಕುಕ್ಕಪ್ಪ ಕೆಲಸ ಮಾಡುವುದೂ ಬರಿಗಾಲಲ್ಲೇ. ಕಿಡಿ ಹಾರಿ ಹಾರಿ ಅವನ ಪಾದದ ತುಂಬ ಕಪ್ಪು ಚುಕ್ಕೆಗಳು.

"ಅಪ್ಪಾ, ಬೂಟು ಇಲ್ಲದಿದ್ರೆ ಪರೀಕ್ಷೆಯೇ ಇಲ್ಲ."

"ಅನ್ನ ಕೊಡುವ ಮಿಷನಿನ ಹತ್ರ ಬೂಟು ಹಾಕಿ ನಿಲ್ಲುವವ್ರು ಎಂತ ಜನ ಮಾರಾಯ್ತಿ? ಒಂದು ಕ್ರಮ ಬೇಡ್ವಾ? ಅಂಥವ್ರ ಹತ್ರ ಹೆಣ್ಣುಮಗಳನ್ನು ಹೇಗೆ ಬಿಡುದು?"

ಹೆಣ್ಣುಮಗಳು ಎಂಬ ಮಾತು ಅವನಿಗೆ ಡೆನ್ಮಾರ್ಕಿನ ವಿಷಯ ಬಂದಾಗ ಮಾತ್ರ ನೆನಪಾಗುತ್ತಿತ್ತು. ಕಬ್ಬಿಣದ ಚಾನೆಲ್ ಎತ್ತು ಎನ್ನುವಾಗ ನೆನಪಾಗುತ್ತಿರಲಿಲ್ಲ.

ಯಶಸ್ವಿ ಬೂಟು ಬಿಚ್ಚಿ ಅಡಿ ಮೇಲೆ ಮಾಡಿ ತೋರಿಸಿದಳು. "ನೋಡಿ, ಹೊಸತು. ಅಂಗಳದ ಮಣ್ಣು ಬಿಟ್ರೆ ಬೇರೆಂತದ್ದೂ ಇಲ್ಲ."

"ಅಂಗಳದ್ದು ಮಣ್ಣಲ್ವಾ?" ಎಂದವನೇ ಹೆಗಲ ಬೈರಾಸು ಎಳೆದು, ಬೂಟಿನ ಅಡಿಯ ಗೀರು ಗೀರನ್ನೂ ತಿಕ್ಕಿ ಒರೆಸಿದ. "ಒಳಗೆ ಕೂತು ಹಾಕು. ಪರೀಕ್ಷೆ ಬೇಕಾದ್ರೆ ಕೊಡು. ಕಳಿಸುದು ಬಿಡುದು ನನ್ನ ಇಷ್ಟ." ಅವಳು ಬೂಟಿನಲ್ಲಿ ಹೊರಗೆ ಹೋಗಿ ಬಂದರೆ ಎಂದು ಬಾಗಿಲ ಒಳಬದಿಯಲ್ಲಿ ತಾನೇ ಕಾವಲು ನಿಂತ.

ಕರೆ ಬಂತು. ಕಬ್ಬಿಣ ಬಿಗಿದು ಹಿಡಿಯುವ ವೈಸಿಗೆ ಕಟ್ಟಿದ ಮೊಬೈಲಿನಲ್ಲಿ ನರೆಗೂದಲಿನ ಒಬ್ಬ ಹೆಂಗಸು, ನಗು ಇಲ್ಲ. ಯಶಸ್ವಿ ಮೊದಲ ಜೋಡಣೆ ಮುಗಿಸಿದಳು. ಕರಗಿದ ಕಬ್ಬಿಣ ಸಣ್ಣ ಅಲೆಗಳಾಗಿ, ಎಲ್ಲೂ ಅಗಲ ತಪ್ಪದೆ ಗಟ್ಟಿಯಾಗಿತ್ತು. ಹೆಂಗಸು ತಲೆಯಾಡಿಸಿದಳು. ಬಳಿಕ ಅವಳ ದೃಷ್ಟಿ ಯಶಸ್ವಿಯ ಹಿಂದಕ್ಕೆ ಹೋಯಿತು. ಗಡುಸಾಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಎಂತ ಅಂತೆ?" ಕುಕ್ಕಪ್ಪ ಕೇಳಿದ.

ಬೆಳಕಿಗೆ ಅಡ್ಡ ನಿಂತಿದ್ದೀರಂತೆ ಎಂದು ಸುಳ್ಳು ಹೇಳಬಹುದಿತ್ತು. ಯಶಸ್ವಿ ಹೇಳಲಿಲ್ಲ.

"ಬರಿಗಾಲಿನವರು ಶೆಡ್ಡಿನ ಒಳಗೆ ನಿಲ್ಲುವ ಹಾಗಿಲ್ಲ ಅಂತೆ. ನೀವು ಹೊರಗೆ ಹೋಗ್ಬೇಕಂತೆ. ಇಲ್ಲದಿದ್ರೆ ಪರೀಕ್ಷೆ ಇಲ್ಲಿಗೇ ನಿಲ್ಲಿಸ್ತಾರಂತೆ."

"ನನ್ನ ಶೆಡ್ಡಿಂದ ನಾನು?"

"ಹೌದು."

ಕುಕ್ಕಪ್ಪ ಮೊಬೈಲಿನತ್ತ ಕೈ ತೋರಿಸಿದ. "ಅವ್ರ ಧಣಿ ಬರಿಗಾಲಲ್ಲಿ ಬಂದ್ರೆ? ಕೇಳು."

ಯಶಸ್ವಿ ಅಂಜುತ್ತಲೇ ಕೇಳಿದಳು. ಹೆಂಗಸು ಒಂದೇ ಮಾತಲ್ಲಿ ಉತ್ತರಿಸಿದಳು.

"ಅವನನ್ನೂ ಹೊರಗೆ ಹಾಕ್ತೇನೆ ಅಂದ್ರು."

ಕುಕ್ಕಪ್ಪ ಮೊಬೈಲಿನೊಳಗಿನ ಮುಖವನ್ನು ಮೊದಲ ಬಾರಿ ಸರಿಯಾಗಿ ನೋಡಿದ. ಹೊಸಿಲು ದಾಟಿ ಅಂಗಳಕ್ಕೆ ಇಳಿದ. ಅಲ್ಲಿಂದಲೇ ಕೂಗಿದ:

"ಕ್ರಮ ಉಂಟು ಮಾರಾಯ್ತಿ ಆ ಹೆಂಗ್ಸಿಗೆ! ಧೈರ್ಯದಲ್ಲಿ ಬಿಡ್ಬಹುದು. ಇನ್ನೊಂದು ಜಾಯಿಂಟ್ ಚಂದ ಮಾಡು, ಅವ್ರೆದುರು ನನ್ನ ಮರ್ಯಾದಿ ತೆಗಿಬೇಡ!"