ಹಗೇವಿನ ಬಾಯಿ

ಜರ್ಮನಿಯ ಗ್ರೀನ್ ಕಾರ್ಡ್ ಸಿಕ್ಕಿ ಯೇನಾ ಊರಿಗೆ ಬಂದು ವರ್ಷವಾಯಿತು. ಕೆಳಮನೆಯ ಇಟಲಿಯ ಮುದುಕ ವೈನಿಗೆಂದು ದ್ರಾಕ್ಷಿ ಹುಳಿಯಲು ಇಟ್ಟ ತನ್ನ ನೆಲಮಾಳಿಗೆಗೆ ಇಳಿಯುವ ಮೊದಲು, ತನ್ನ ಹಳ್ಳಿಯ ರೂಢಿಯಂತೆ, ಉರಿಯುವ ಮೇಣದಬತ್ತಿಯನ್ನು ದಾರಕ್ಕೆ ಕಟ್ಟಿ ಒಳಗೆ ಬಿಡುತ್ತಾನೆ, ನಾನು ಆ ಹುಳಿ ವಾಸನೆಗೆ ಗೋಡೆ ಹಿಡಿದು ನಿಲ್ಲುತ್ತೇನೆ.

ನಮ್ಮೂರಲ್ಲಿ ಜೋಳವನ್ನು ಹಗೇವಿನಲ್ಲಿ, ಅಂದರೆ ಅಂಗಳದ ನೆಲದೊಳಗಿನ ಕಣಜದಲ್ಲಿ, ತುಂಬಿ ಮುಚ್ಚುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅದರ ಬಾಯಿಕಲ್ಲು ಸರಿಸಿದಾಗ ಇದೇ ಕಮಟು ಎದ್ದಿತ್ತು. ಅಜ್ಜ ಲಾಟೀನು ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಬೆಳಕು ಜೋಳದ ಮೇಲೆ ಒಮ್ಮೆ ಹರಿದು, ಪಟ್ಟನೆ ಆರಿತು.

"ದೀಪಾ ಆರ್ತಂದ್ರ ಒಳಗ ಉಸರಿಲ್ಲ. ಸಂಜೀತನಾ ಬಾಯಿ ತಗದ ಇರ್ಲಿ," ಅಂದ ಅಜ್ಜ, ಲಾಟೀನು ಮೇಲೆಳೆಯುತ್ತ.

ಜೋಳ ಒಯ್ಯುವ ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಕಾಕಾನಿಗೆ ಅವಸರ. "ಎಣ್ಣಿ ತೀರಿರಬೇಕಪ್ಪಾ," ಎಂದವನು ನನ್ನ ಕಡೆ ತಿರುಗಿದ. "ಏನವಾ, ಎಣ್ಣಿ ಹಾಕಿದ್ದಿಲ್ಲೇನ?"

ಬೆಳಿಗ್ಗೆ ಹಾಕಿದ್ದೆ. ಹಾಕುವಾಗ ಅಡುಗೆಮನೆಯಲ್ಲಿ ಅರ್ಧ ಸೀಸೆ ಚೆಲ್ಲಿ, ಮೇಲೆ ಬೂದಿ ಸುರಿದು ಬಂದಿದ್ದೆ. ಆ ಮಾತು ಹೊರಬಿದ್ದೀತೆಂದು ಹೆದರಿ ತಲೆ ತಗ್ಗಿಸಿದೆ.

"ಮರತಾಳ ನೋಡು ಹುಡುಗಿ," ಎಂದು ನಕ್ಕು ಕಾಕಾ ಧೋತರ ಎತ್ತಿಕಟ್ಟಿದ. ಅಜ್ಜ ಲಾಟೀನನ್ನು ಪಕ್ಕಕ್ಕಿಟ್ಟ, ಕಾಕಾ ಒಳಗಿಳಿದ.

ಜೋಳದ ಮೇಲೆ ಕಾಕಾನ ಕಾಲು ಬಿದ್ದ ಸದ್ದು ಕೇಳಿತು. "ಬುಟ್ಟಿ ಬಿಡ್ಲೇನೋ?" ಎಂದು ಅಜ್ಜ ಬಗ್ಗಿ ಕೇಳಿದ. ಇನ್ನೊಮ್ಮೆ ಕೇಳಿದ. ಆಮೇಲೆ ಹೆಸರು ಹಿಡಿದು ಕೂಗಿದ.

ಜನ ಓಡಿ ಬರುವಾಗ, ಕಟ್ಟೆಯ ಮೇಲಿಂದ ಎಣ್ಣೆಯ ಮಾತೆಲ್ಲ ಕೇಳಿದ್ದ ಅವ್ವ ಕಾಲಿಗೆ ಅಡ್ಡವಾಗಿದ್ದ ಲಾಟೀನನ್ನು ಎತ್ತಿದಳು. ಒಳಗೆ ಎಣ್ಣೆ ಕುಲುಕಿತು. ಅದನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಅಲುಗಿಸಿ, ಅವ್ವ ನನ್ನನ್ನು ನೋಡಿದಳು.