ತೊಳೆದರೂ ಹೋಗದ್ದು

ಬ್ರಷ್ಷಿನಿಂದ ಎಷ್ಟು ಉಜ್ಜಿದರೂ ಕೊಂಬಿನ ಬುಡಕ್ಕೆ ಅಂಟಿದ ಹಸಿರು ಕೊಳೆ ಹೋಗಲಿಲ್ಲ. ಹಾರ್ನ್‌ವರ್ಟ್ ಎಂಬ ಪಾಚಿಯಂಥ ಗಿಡದ ಮೈಮೇಲೆ ಏಳುವ ಮರಿಸಸ್ಯವೇ ಆ ಕೊಂಬು. ಅದು ತಾಯಿಗಿಡಕ್ಕೆ ಹೇಗೆ ಕೂಡಿಕೊಂಡಿದೆಯೆಂದು ವಿದ್ಯಾರ್ಥಿನಿ ನಾಳೆಯೇ ಮೇಡಂಗೆ ತೋರಿಸಬೇಕಿತ್ತು. ಕಿತ್ತು, ತೊಳೆದು, ಕೊಯ್ದು ಮಾಡಿದ ಅರವತ್ತು ಸ್ಲೈಡುಗಳಲ್ಲಿ ಕೂಡಿದ ಜಾಗವೇ ಕಂಡಿರಲಿಲ್ಲ. ಕೈ ಸೋತು, ಇದೊಂದನ್ನು ಕೊಳೆಯ ಸಮೇತ ಕೊಯ್ದು ಸ್ಲೈಡಿಗೆ ಹಾಕಿದಳು.

"ನೀನು ಉಜ್ಜಿದ್ದಕ್ಕೆ ಪಾತ್ರೆಯಾಗಿದ್ರೆ ತೂತು ಬೀಳ್ತಿತ್ತು," ಎನ್ನುತ್ತ ಲ್ಯಾಬಿನ ಅಕ್ಕ ಸೂಕ್ಷ್ಮದರ್ಶಕಕ್ಕೆ ಬಗ್ಗಿದಳು. ಫೋಕಸ್ ತಿರುಗಿಸಿ ಮತ್ತೆ ನೋಡಿದಳು. "ಇದು ಕೊಳೆ ಅಲ್ಲ ಕಣೇ. ಇದು ತಾಯಿ."

ಹುಡುಗಿ ನೋಡಿದಳು. ಹರಿದ ಚೂರಿನಲ್ಲೂ ಕೊಂಬಿನ ಕೋಶಗಳು ಬೆರಳುಗಳಂತೆ ತಾಯಿಯ ಕೋಶಗಳ ನಡುವೆ ನುಗ್ಗಿದ್ದವು. ತಾಯಿಯ ಕೋಶಗಳು ಉಣಿಸಲೆಂದೇ ತಮ್ಮ ಗೋಡೆಗಳನ್ನು ಒಳಕ್ಕೆ ಮಡಿಸಿಕೊಂಡಿದ್ದವು. ಕಿತ್ತರೂ ಅವು ಕೊಂಬನ್ನು ಬಿಟ್ಟಿರಲಿಲ್ಲ. ಅರವತ್ತು ಸಲ ಉಜ್ಜಿ ಬಿಡಿಸಿದವಳು ಇವಳೇ.

"ಅಕ್ಕಾ, ಗಿಡ ಉಳಿದಿರೋದು ಒಂದೇ."

"ಒಂದು ಸಾಕು. ಕೀಳ್ಬೇಡ, ಎರಡನ್ನೂ ಸೇರಿಸಿ ಕೊಯ್ಯಿ."

ಬ್ರಷ್ಷಿನ ತುದಿಯೆಲ್ಲ ಹಸಿರಾಗಿತ್ತು. ಅದನ್ನು ತೊಳೆಯಲು ಮನಸ್ಸಾಗದೆ ಪಕ್ಕಕ್ಕಿಟ್ಟು, ಅವಳು ಬ್ಲೇಡು ಕೈಗೆತ್ತಿಕೊಂಡಳು.